ಹಿಟ್ಟಿನ ಕೋಳಿ ಮತ್ತು ಯಂತ್ರದ ಮೀನು

ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಗಳಿಗೆಲ್ಲ ಸಮಾನವೆಂದು ಶಾಸ್ತ್ರವು ಹೇಳುತ್ತದೆ. ಹಸಿವು ಹೇಗೋ ಹಾಗೆಯೇ ಭಯವೂ ಇರುವೆಗೆ, ಆನೆಗೆ, ಅರಸನಿಗೆ ಒಂದೇ. ಆದರೆ ಭಯವನ್ನು ತಾನಾಗಿ ಬಯಸಿ, ಹಣ ತೆತ್ತು, ಕತ್ತಲೆಯಲ್ಲಿ ಕುಳಿತು ಸವಿಯುವ ಜೀವಿ ಮನುಷ್ಯನೊಬ್ಬನೇ. ಹುಲಿಯ ಸುಳಿವು ಸಿಕ್ಕೊಡನೆ ಜಿಂಕೆ ಓಡುತ್ತದೆ. ಮನುಷ್ಯನಾದರೋ ಹುಲಿಯಿಲ್ಲದ ಕಡೆ ಹುಲಿಯನ್ನು ಕಲ್ಪಿಸಿಕೊಂಡು, ಮೈನವಿರೇಳಿಸಿಕೊಂಡು, ಆಮೇಲೆ ನಕ್ಕು ಮನೆಗೆ ನಡೆಯುತ್ತಾನೆ. ಭಯಾನಕ ಚಲನಚಿತ್ರಗಳ ಅಭಿಮಾನಿಯ ರುಚಿ ಇಂಥದು.

ಈ ಅಭಿಮಾನಿಗಳಲ್ಲಿ ಒಂದು ವರ್ಗದವರ ಸ್ಥಿತಿ ವಿಶೇಷವಾಗಿ ವಿಚಾರಯೋಗ್ಯವಾದುದು. ಅವರು ಪ್ರಾಣಿಗಳನ್ನು ಮನಸಾರೆ ಪ್ರೀತಿಸುತ್ತಾರೆ. ಬೀದಿನಾಯಿಗೆ ಅನ್ನವಿಡುತ್ತಾರೆ, ಬೇಸಗೆಯಲ್ಲಿ ಗುಬ್ಬಚ್ಚಿಗಳಿಗೆ ನೀರಿಡುತ್ತಾರೆ, ಸಂಜೆಯ ದೀಪಕ್ಕೆ ಹುಳು ಬಿದ್ದರೆ ಮರುಗುತ್ತಾರೆ. ರಾತ್ರಿ ಭೋಜನವನ್ನು ತ್ಯಜಿಸಿದವರೂ ಅವರಲ್ಲುಂಟು. ಆದರೆ ಅದೇ ರಾತ್ರಿ ಬಾಲ್ಯದಿಂದ ಮೆಚ್ಚಿದ ಹಳೆಯ ಭಯಾನಕ ಚಿತ್ರವೊಂದನ್ನು ಹಾಕಿಕೊಂಡು, ದೈತ್ಯಮೃಗದ ಸಂಹಾರವನ್ನು ಹತ್ತನೆಯ ಸಲ ನೋಡಿ ಸಂತೋಷಪಡುತ್ತಾರೆ. ಕಂಡವರು ಇದನ್ನು ಕಪಟವೆಂದು ಹಾಸ್ಯ ಮಾಡುವುದುಂಟು. ಕಪಟವೆನ್ನುವುದು ಅವಸರದ ಮಾತು. ಆದರೆ ಪ್ರಶ್ನೆಯಂತೂ ನಿಜವಾದುದೇ. ಜೀವದಯೆಯೂ ಭಯಾನಕದ ರುಚಿಯೂ ಒಂದೇ ಮನಸ್ಸಿನಲ್ಲಿ ನೆಲೆಸಬಹುದೇ? ನೆಲೆಸಬಹುದಾದರೆ ಯಾವ ಕಟ್ಟಳೆಯ ಮೇಲೆ?

ಅಭಿಮಾನಿಯ ಸಮರ್ಥನೆ ದುರ್ಬಲವಾದುದಲ್ಲ. ತೆರೆಯ ಮೇಲೆ ಹರಿದುದು ಬಣ್ಣದ ನೀರು, ಸತ್ತುದು ರಬ್ಬರಿನ ಮೃಗ, ಒಂದು ಪ್ರಾಣವೂ ಹೋಗಲಿಲ್ಲ ಎಂದು ಅವನು ವಾದಿಸುತ್ತಾನೆ. ಭರತಮುನಿಯೇ ನಾಟ್ಯಶಾಸ್ತ್ರದಲ್ಲಿ ಭಯಾನಕವನ್ನೂ ಬೀಭತ್ಸವನ್ನೂ ರಸಗಳ ಸಾಲಿನಲ್ಲಿ ಎಣಿಸಿದ್ದಾನೆ. ಗ್ರೀಕರ ಅರಿಸ್ಟಾಟಲನು ದುರಂತ ನಾಟಕವು ಕರುಣೆ ಮತ್ತು ಭೀತಿಗಳ ಮೂಲಕ ಪ್ರೇಕ್ಷಕನ ಚಿತ್ತವನ್ನು ಶುದ್ಧಿಗೊಳಿಸುತ್ತದೆಂದು ಹೇಳಿದನು. ಹಾಗಿರುವಾಗ ಯಾರಿಗೂ ನೋವಾಗದ ಈ ವಿನೋದದಲ್ಲಿ ದೋಷವೆಲ್ಲಿ ಎಂಬುದು ಅವನ ಪ್ರಶ್ನೆ.

ಈ ಪ್ರಶ್ನೆಗೆ ಕನ್ನಡ ಸಾಹಿತ್ಯದಲ್ಲಿ ಎಂಟುನೂರು ವರ್ಷಗಳಿಗಿಂತ ಹಳೆಯದಾದ ಒಂದು ಉತ್ತರವಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ವಾಚಕರು ಬಲ್ಲರು. ಉಜ್ಜಯಿನಿಯ ಅರಸ ಯಶೋಧರನು ಪತ್ನಿ ಅಮೃತಮತಿಯ ವ್ಯಭಿಚಾರವನ್ನು ಕಂಡು ಕುಗ್ಗಿ, ತಾಯಿಯೊಡನೆ ಅದನ್ನು ಕೆಟ್ಟ ಕನಸೆಂದು ಹೇಳಿದನು. ತಾಯಿ ಚಂದ್ರಮತಿ ದೋಷಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡೆಂದಳು. ಕೊಲೆಗೆ ಒಪ್ಪದ ಮಗನಿಗೂ ಬಲಿಯನ್ನು ಬಿಡದ ತಾಯಿಗೂ ನಡುವೆ ಒಂದು ರಾಜಿ ಏರ್ಪಟ್ಟಿತು: ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಅಷ್ಟರಿಂದಲೇ ತಾಯಿ ಮಕ್ಕಳು ನವಿಲು ನಾಯಿಗಳಾಗಿ ಮೊದಲುಗೊಂಡು ಕಡೆಗೆ ಕೋಳಿಗಳಾಗುವವರೆಗೆ ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

ಇಲ್ಲಿ ಸತ್ತವರಾರು? ಹಿಟ್ಟಿಗೆ ನೋವಿಲ್ಲ. ಆದರೂ ಕಥೆಯು ಇದನ್ನು ಹಿಂಸೆಯೆಂದೇ ಎಣಿಸುತ್ತದೆ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಸಂಕಲ್ಪಿ ಹಿಂಸೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾಗಾದಿಗಳ ಉದಯವೇ ಹಿಂಸೆಯೆಂದೂ ಅವು ಉದಿಸದಿರುವುದೇ ಅಹಿಂಸೆಯೆಂದೂ ನಿರೂಪಿಸಿದರು. ಕತ್ತಿಯ ಕೆಳಗೆ ಇದ್ದುದು ಹಿಟ್ಟು. ಕತ್ತಿಯ ಮೇಲಿದ್ದ ಮನಸ್ಸಿನಲ್ಲಿ ಇದ್ದುದು ಕೋಳಿ. ಆದುದರಿಂದ ‘ಪ್ರಾಣ ಹೋಗಲಿಲ್ಲ’ ಎಂಬ ಸಮರ್ಥನೆ ಅಪೂರ್ಣವಾದುದು.

ಇದು ಪುರಾಣದ ಮಾತಾಯಿತು, ಇಂದಿನ ಲೋಕದಲ್ಲಿ ಹಿಟ್ಟಿನ ಕೋಳಿಯ ಫಲವನ್ನು ಕಂಡವರಾರು ಎಂದು ಕೇಳಬಹುದು. ಕಂಡವರಿದ್ದಾರೆ, ಅಮೆರಿಕದ ಚಿತ್ರವೊಂದರ ಚರಿತ್ರೆ ಅದಕ್ಕೆ ಸಾಕ್ಷಿ. ಪೀಟರ್ ಬೆಂಚ್ಲಿ ಎಂಬ ಲೇಖಕನು 1974ರಲ್ಲಿ ಪ್ರಕಟಿಸಿದ ‘ಜಾಸ್’ ಎಂಬ ಕಾದಂಬರಿಯನ್ನು ಸ್ಟೀವನ್ ಸ್ಪೀಲ್‌ಬರ್ಗ್ 1975ರಲ್ಲಿ ಚಲನಚಿತ್ರವಾಗಿಸಿದನು. ಕಡಲತೀರದ ಊರೊಂದನ್ನು ನರಭಕ್ಷಕ ಶಾರ್ಕ್ ಮೀನು ಕಾಡುವುದೂ ಮೂವರು ಗಂಡಸರು ಅದನ್ನು ಬೆನ್ನಟ್ಟಿ ಕೊಲ್ಲುವುದೂ ಅದರ ಕಥೆ. ಅದರಲ್ಲಿ ಹೆದರಿಸಿದುದು ಬಹುಮಟ್ಟಿಗೆ ಯಂತ್ರದ ಮೀನು. ಕಡಲಿನ ಉಪ್ಪುನೀರಿನಲ್ಲಿ ಆ ಯಂತ್ರವು ಪದೇ ಪದೇ ಕೆಟ್ಟುದರಿಂದ ಮೀನನ್ನು ಹೆಚ್ಚಾಗಿ ಮರೆಯಲ್ಲೇ ಇಡಬೇಕಾಯಿತು. ಕಾಣದ ಮೀನು ಕಂಡ ಮೀನಿಗಿಂತ ಹೆಚ್ಚು ಹೆದರಿಸಿತು. ಹಡಗುಕಟ್ಟೆಯಲ್ಲಿ ತೂಗುಹಾಕಿ ತೋರಿಸಿದ ಹುಲಿ ಶಾರ್ಕ್ ಮಾತ್ರ ಹಿಟ್ಟಿನದಲ್ಲ; ಅದು ನಿಜವಾಗಿ ಹಿಡಿದು ಕೊಂದ ಜೀವ.

ಚಿತ್ರ ಮುಗಿದ ಮೇಲೆ ಏನಾಯಿತು? ಶಾರ್ಕನ್ನು ಕೊಲ್ಲುವುದು ಪೌರುಷದ ಲಕ್ಷಣವೆಂಬ ಭಾವನೆ ಅಮೆರಿಕದ ಕರಾವಳಿಯಲ್ಲಿ ಹಬ್ಬಿತು. ಗಾಳದ ಬೇಟೆಗಾರರ ಪಂದ್ಯಗಳು ಹೆಚ್ಚಿದವು. ಶಾರ್ಕುಗಳ ಸಂಖ್ಯೆ ಕುಗ್ಗಲು ವ್ಯಾಪಾರಿ ಮೀನುಗಾರಿಕೆಯೂ ರೆಕ್ಕೆಯ ಮಾರಾಟವೂ ಮುಖ್ಯ ಕಾರಣಗಳೇ ಹೊರತು ಚಿತ್ರವೊಂದೇ ಅಲ್ಲ. ನ್ಯಾಯವಾಗಿ ಹೇಳುವುದಾದರೆ ಇಷ್ಟನ್ನು ಒಪ್ಪಬೇಕು. ಆದರೆ ಕೊಲ್ಲುವ ಕೈಗೆ ಚಿತ್ರವು ಸಂಕಲ್ಪವನ್ನು ಒದಗಿಸಿತು, ಸತ್ತ ಮೀನಿಗಾಗಿ ಮರುಗುವವರಿಲ್ಲದಂತೆ ಮಾಡಿತು. ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ ಶಾರ್ಕಿನಿಂದ ಸಾಯುವ ಮನುಷ್ಯರು ಸರಾಸರಿ 10ಕ್ಕಿಂತ ಕಡಿಮೆ. ಮನುಷ್ಯರಿಂದ ಸಾಯುವ ಶಾರ್ಕುಗಳು ವರ್ಷಕ್ಕೆ ಸುಮಾರು 10 ಕೋಟಿಯೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಯಾರು ಯಾರಿಗೆ ಭಯಂಕರರೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಹಿಟ್ಟಿನ ಕೋಳಿ ಕೂಗಿದುದನ್ನು ಮೊದಲು ಕೇಳಿಸಿಕೊಂಡವರು ಅದನ್ನು ಮಾಡಿದವರೇ. ಬೆಂಚ್ಲಿಯು ಮುಂದೆ ಸಮುದ್ರಜೀವಿಗಳ ರಕ್ಷಣೆಗಾಗಿ ಬರೆಯುತ್ತ, ಮಾತನಾಡುತ್ತ 2006ರಲ್ಲಿ ತೀರಿಕೊಳ್ಳುವವರೆಗೂ ದುಡಿದನು. ಅಂಥ ಕಾದಂಬರಿಯನ್ನು ಇನ್ನು ಬರೆಯಲಾರೆನೆಂದು ಸಾರಿದನು. ಚಿತ್ರಕ್ಕಾಗಿ ನಿಜವಾದ ಶಾರ್ಕುಗಳನ್ನು ನೀರಿನಡಿಯಲ್ಲಿ ಚಿತ್ರೀಕರಿಸಿಕೊಟ್ಟ ಆಸ್ಟ್ರೇಲಿಯದ ರಾನ್ ಮತ್ತು ವ್ಯಾಲೆರಿ ಟೇಲರ್ ದಂಪತಿಗಳು ಶಾರ್ಕುಗಳ ಪರವಾಗಿ ವಾದಿಸಿದವರಲ್ಲಿ ಮುಂದಾಳುಗಳಾದರು. ಆ ದೇಶದ ನ್ಯೂ ಸೌತ್ ವೇಲ್ಸ್ ರಾಜ್ಯವು 1984ರಲ್ಲಿ ಬೂದು ನರ್ಸ್ ಶಾರ್ಕಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಶಾರ್ಕ್ ಜಾತಿಯೊಂದಕ್ಕೆ ಜಗತ್ತಿನಲ್ಲಿ ದೊರೆತ ಮೊದಲ ರಕ್ಷಣೆ ಅದು. ಸ್ಪೀಲ್‌ಬರ್ಗನು 2022ರಲ್ಲಿ ಬಾನುಲಿ ಸಂದರ್ಶನವೊಂದರಲ್ಲಿ, ತನ್ನ ಚಿತ್ರದಿಂದ ಶಾರ್ಕುಗಳಿಗಾದ ಹಾನಿಗೆ ಇಂದಿಗೂ ವಿಷಾದಪಡುತ್ತೇನೆಂದನು. ಪ್ರಾಯಶ್ಚಿತ್ತವೆಂಬ ಪದ ಅವರ ಭಾಷೆಯಲ್ಲಿ ಬೇರೆಯಾಗಿರಬಹುದು. ಅವರು ಮಾಡಿದುದು ಅದನ್ನೇ.

ಹಾಗಾದರೆ ಭಯಾನಕವಾದುದೆಲ್ಲವೂ ತ್ಯಾಜ್ಯವೇ? ಅನರ್ಥದಂಡ ವಿರತಿಯನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ಪ್ರಮಾದಚರ್ಯೆಗಳೊಡನೆ ದುಃಶ್ರುತಿಯನ್ನೂ ಹೇಳಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ಈ ಮಾತನ್ನು ಹಿಡಿದು ಭಯದ ಕಥೆಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ಹೊರಗೆಸೆಯುವುದು ಸುಲಭ. ಆದರೆ ಹಾಗೆ ಎಸೆದಲ್ಲಿ ಮೊದಲು ಹೊರಗೆ ಬೀಳುವುದು ಯಶೋಧರ ಚರಿತೆಯೇ. ಚಂಡಮಾರಿಯ ಗುಡಿಯೂ ಅಲ್ಲಿ ಬಲಿಗಾಗಿ ನೆರೆದ ಜೀವಗಳೂ ಎಳೆಯ ಕ್ಷುಲ್ಲಕರಿಬ್ಬರನ್ನು ಕಡಿಯಲು ಅರಸ ಮಾರಿದತ್ತನು ಸಿದ್ಧನಾಗಿ ನಿಂತುದೂ ಕನ್ನಡದಲ್ಲಿ ಬಂದ ಭಯಾನಕ ವರ್ಣನೆಗಳಲ್ಲಿ ಮೊದಲ ಪಂಕ್ತಿಗೆ ಸೇರತಕ್ಕವು. ಪುರಾಣಗಳ ನರಕವರ್ಣನೆಗಳೂ ಹೊರಗೆ ಬೀಳುತ್ತವೆ. ದೇಹದ ಅಶುಚಿತ್ವವನ್ನು ಚಿಂತಿಸುವ ಅನುಪ್ರೇಕ್ಷೆಯಾದರೂ ಬೀಭತ್ಸವನ್ನು ಬಿಟ್ಟು ನಡೆಯಲಾರದು. ಆದುದರಿಂದ ದೋಷವು ಭಯದಲ್ಲಿಲ್ಲ. ಭಯವು ಪ್ರೇಕ್ಷಕನನ್ನು ಯಾರ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತದೆಂಬುದರಲ್ಲಿದೆ.

‘ಜಾಸ್’ ಚಿತ್ರದ ಮೊದಲ ಭಾಗದಲ್ಲಿ ಪ್ರೇಕ್ಷಕನು ನೀರಿನ ಅಡಿಯಿಂದ ಶಾರ್ಕಿನ ಕಣ್ಣಿನಲ್ಲೇ ನೋಡುತ್ತಾನೆ. ಆದರೆ ಆ ಕಣ್ಣಿನ ಹಿಂದೆ ಒಂದು ಜೀವವಿದೆಯೆಂದು ಅವನಿಗೆ ಅನಿಸುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ 1933ರ ‘ಕಿಂಗ್ ಕಾಂಗ್’. ದೂರದ ದ್ವೀಪದಿಂದ ಸಂಕೋಲೆಯಲ್ಲಿ ತಂದು ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟ ಮಹಾವಾನರವು ಕಡೆಗೆ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ವಿಮಾನಗಳ ಗುಂಡಿಗೆ ಗುರಿಯಾಗುತ್ತದೆ. ಗುಂಡು ತಾಗಿದಾಗ ಅದು ಎದೆಯನ್ನು ಮುಟ್ಟಿಕೊಂಡು ಬೆರಳಿಗೆ ಹತ್ತಿದುದನ್ನು ನೋಡುತ್ತದೆ. ತನಗೇನಾಯಿತೆಂದು ಅದಕ್ಕೆ ತಿಳಿಯದು. ಅಷ್ಟು ಹೊತ್ತು ಹೆದರಿದ ಪ್ರೇಕ್ಷಕನು ಆ ಕ್ಷಣದಲ್ಲಿ ಮೃಗದ ಪಕ್ಷಕ್ಕೆ ಬರುತ್ತಾನೆ. ಲೋಹದ ಎಲುಬಿನ ಆ ಪುಟ್ಟ ಗೊಂಬೆಗೆ ಹೊದಿಸಿದ್ದುದು ಮೊಲದ ತುಪ್ಪಳ ಎಂಬುದನ್ನೂ ಮರೆಯಬಾರದು. ಸುಳ್ಳು ವಾನರನಿಗಾಗಿ ಅತ್ತ ಪ್ರೇಕ್ಷಕರ ಕಣ್ಣಿಗೆ ನಿಜವಾದ ಮೊಲ ಬೀಳಲಿಲ್ಲ. ಕರುಣೆ ಹುಟ್ಟಿಸುವ ಕಲೆಯೂ ತನ್ನ ಕೈಯನ್ನು ತೊಳೆದುಕೊಂಡೇ ಬರುತ್ತದೆಂದು ನಂಬುವಂತಿಲ್ಲ.

ಇನ್ನೊಂದು ಉದಾಹರಣೆ ಮೇರಿ ಶೆಲ್ಲಿಯು 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’. ಆ ಕಾದಂಬರಿಯ ವಿಕಾರ ಜೀವಿಯನ್ನು ರಕ್ತಪಿಪಾಸುವೆಂದು ಭಾವಿಸುವವರೇ ಬಹಳ. ಮೂಲದಲ್ಲಿ ಆ ಜೀವಿಯು, ಕುರಿಮರಿ ಆಡಿನಮರಿಗಳನ್ನು ಕೊಂದು ತನ್ನ ಹೊಟ್ಟೆ ಹೊರೆಯುವುದಿಲ್ಲವೆಂದೂ ಕಾಡಿನ ಕಾಯಿ ಹಣ್ಣುಗಳು ತನಗೆ ಸಾಕೆಂದೂ ಹೇಳಿಕೊಳ್ಳುತ್ತದೆ. ಮನುಷ್ಯರ ತಿರಸ್ಕಾರವೇ ಅದನ್ನು ಕ್ರೂರಿಯಾಗಿಸುತ್ತದೆ. 1931ರ ಚಲನಚಿತ್ರದಲ್ಲಿ ಅದಕ್ಕೆ ಮಾತಿಲ್ಲ. ಆದರೆ ಉರಿಯುವ ದೊಂದಿಯನ್ನು ಮುಖಕ್ಕೆ ಹಿಡಿದು ಪೀಡಿಸಿದಾಗ ಬೋರಿಸ್ ಕಾರ್ಲಾಫ್ ತೋರಿದ ಭೀತಿಯನ್ನು ಕಂಡವರಿಗೆ ಒಂದು ಸತ್ಯ ಹೊಳೆಯದಿರದು: ಹೆದರಿಸುವವನೂ ಹೆದರಿದವನೇ. ಈ ಅರಿವನ್ನು ಕೊಡುವ ಕಥೆಯನ್ನು ದುಃಶ್ರುತಿಯೆನ್ನುವುದು ಹೇಗೆ?

ಭಾರತದ ಕಡಲಿನಲ್ಲಿಯೂ ಚಿತ್ರವೊಂದು ಶಾರ್ಕಿನ ಗತಿಯನ್ನು ಬದಲಿಸಿದುದುಂಟು. ಈ ಬಾರಿ ಅದರ ಒಳಿತಿಗೆ. ತಿಮಿಂಗಿಲ ಶಾರ್ಕ್ ಎಂಬುದು ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದು. ಅದರ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಸಣ್ಣ ಮೀನುಗಳು. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ. ಗುಜರಾತಿನ ತೀರದಲ್ಲಿ ಅದನ್ನು ಕೊಕ್ಕೆ ಹಾಕಿ ಹಿಡಿದು ಕತ್ತರಿಸುತ್ತಿದ್ದುದನ್ನು ಮೈಕ್ ಪಾಂಡೆಯವರು ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರದಲ್ಲಿ 2000ದಲ್ಲಿ ತೋರಿಸಿದರು. ಅದನ್ನು ಕಂಡವರಿಗೆ ಯಾವ ಭಯಾನಕ ಚಿತ್ರಕ್ಕೂ ಕಡಮೆಯಿಲ್ಲದ ತಲ್ಲಣವಾಯಿತು. 2001ರಲ್ಲಿ ಸರಕಾರವು ಆ ಮೀನಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಸ್ಥಾನ ಕೊಟ್ಟಿತು. ಬಳಿಕ ಮೊರಾರಿ ಬಾಪು ಅವರು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಬೆಸ್ತರಿಗೆ ತಿಳಿಯಹೇಳಿದರು. ಹಿಂದೆ ಬೇಟೆಯಾಡಿದ ಕೈಗಳೇ ಬಲೆಯನ್ನು ಕತ್ತರಿಸಿ ನೂರಾರು ಮೀನುಗಳನ್ನು ಬಿಡುಗಡೆ ಮಾಡಿದವು. ಸುಳ್ಳು ರಕ್ತವನ್ನು ತೋರಿಸಿದ ಚಿತ್ರವು ನಿಜವಾದ ರಕ್ತಕ್ಕೆ ದಾರಿಯಾಯಿತು. ನಿಜವಾದ ರಕ್ತವನ್ನು ತೋರಿಸಿದ ಚಿತ್ರವು ರಕ್ತವನ್ನು ನಿಲ್ಲಿಸಿತು. ರಕ್ತದ ಸುಳ್ಳು ನಿಜಗಳನ್ನು ಎಣಿಸಿ ಚಿತ್ರದ ಹಿಂಸೆಯನ್ನು ಅಳೆಯಲಾಗದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಭಯದ ಕಥೆಗಳಿಂದ ನಿಂದೆ ಹೊತ್ತ ಜೀವಗಳು ಕಡಲಿನಲ್ಲಿ ಮಾತ್ರವಿಲ್ಲ. ಗೂಬೆ, ಬಾವಲಿ, ಹಾವು, ಹಲ್ಲಿಗಳು ಇಂಥ ಚಿತ್ರಗಳ ಹಳೆಯ ಆಳುಗಳು. ಗುಡುಗಿನ ಸದ್ದಿನೊಡನೆ ಅವನ್ನು ತೋರಿಸದೆ ಪಾಳುಮನೆಯೇ ಪೂರ್ಣವಾಗದು. ಲೋಕದಲ್ಲಿರುವ 1,400ಕ್ಕೂ ಮಿಕ್ಕ ಬಾವಲಿ ಜಾತಿಗಳಲ್ಲಿ ರಕ್ತ ಹೀರುವವು ಮೂರೇ; ಆ ಮೂರೂ ಅಮೆರಿಕ ಖಂಡಗಳಲ್ಲಿ ಮಾತ್ರ ವಾಸಿಸುವಂಥವು. ಉಳಿದವು ಹುಳು ತಿಂದು ಪೈರನ್ನು ಕಾಯುತ್ತವೆ, ಹೂವಿನಿಂದ ಹೂವಿಗೆ ಪರಾಗ ಒಯ್ಯುತ್ತವೆ, ಬೀಜ ಹರಡುತ್ತವೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗುಹೆಯಲ್ಲಿ ಎಲೆಮೂಗಿನ ಬಾವಲಿಯ ಒಂದು ಜಾತಿಯಿದೆ. ಜಗತ್ತಿನಲ್ಲಿ ಬೇರೆಲ್ಲಿಯೂ ಅದರ ನೆಲೆ ತಿಳಿದಿಲ್ಲ. ಕಲ್ಲುಗಣಿಗಾರಿಕೆಯಿಂದ ಅದು ಅಳಿವಿನ ಅಂಚಿಗೆ ಬಂದಿದೆ. ಬಂಡೆ ಒಡೆದುದು ಚಲನಚಿತ್ರವಲ್ಲ, ನಿಜ. ಆದರೆ ಬಾವಲಿಯೆಂದರೆ ಮುಖ ಸಿಂಡರಿಸಲು ಕಲಿತ ಜನರು ಅದರ ಪರವಾಗಿ ಬಾಯಿ ತೆರೆಯುವುದು ನಿಧಾನ. ಜುಗುಪ್ಸೆಯು ಕೊಲ್ಲದಿರಬಹುದು, ಕೊಲೆಯನ್ನು ಕಂಡೂ ಸುಮ್ಮನಿರಲು ಕಲಿಸುತ್ತದೆ.

ಇನ್ನು ಹಳೆಯದರ ಹಂಬಲದ ಮಾತು. ಭಯಾನಕ ಚಿತ್ರದ ಅಭಿಮಾನಿಯು ಅನೇಕ ವೇಳೆ ಹಂಬಲಿಸುವುದು ಚಿತ್ರಕ್ಕಾಗಿ ಅಲ್ಲ, ಅದನ್ನು ಮೊದಲು ಕಂಡ ವಯಸ್ಸಿಗಾಗಿ. ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟು, ಅಣ್ಣತಮ್ಮಂದಿರೊಡನೆ ಒಂದೇ ಕಂಬಳಿಯೊಳಗೆ ಮುದುಡಿ ಕುಳಿತ ರಾತ್ರಿ, 1979ರ ‘ನಾ ನಿನ್ನ ಬಿಡಲಾರೆ’ಯನ್ನು ನೋಡಿ ಬಚ್ಚಲುಮನೆಗೆ ಒಬ್ಬರೇ ಹೋಗಲಾರದ ದಿನಗಳು, ಇವೆಲ್ಲ ನೆನಪಿನಲ್ಲಿ ಸಿಹಿಯಾಗಿವೆ. ಈ ಸಿಹಿಯೂ ರಾಗವೇ. ಹಳೆಯದೆಂಬ ಒಂದೇ ಕಾರಣಕ್ಕೆ ಅದು ದೋಷವನ್ನು ಮನ್ನಿಸುತ್ತದೆ. 1971ರ ‘ಹಾಥಿ ಮೇರೇ ಸಾಥಿ’ಯಲ್ಲಿ ಒಡೆಯನಿಗಾಗಿ ಪ್ರಾಣಕೊಟ್ಟ ಆನೆಗಾಗಿ ಅಳದ ಮಕ್ಕಳಿಲ್ಲ, ಆದರೆ ಅಲ್ಲಿ ಆಟವಾಡಿದ ಹುಲಿ ಸಿಂಹಗಳು ಆ ಆಟವನ್ನು ಹೇಗೆ ಕಲಿತವೆಂದು ಕೇಳಿದ ಮಕ್ಕಳೂ ಇಲ್ಲ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು 1998ರ ಅಧಿಸೂಚನೆಯಿಂದ ಕೇಂದ್ರ ಸರಕಾರವು ನಿಷೇಧಿಸಿತು. ಅಮೆರಿಕದಲ್ಲಿ 1939ರ ‘ಜೆಸ್ಸಿ ಜೇಮ್ಸ್’ ಚಿತ್ರಕ್ಕಾಗಿ ಕುದುರೆಯೊಂದನ್ನು ಕಡಿದಾದ ಬಂಡೆಯಿಂದ ನೀರಿಗೆ ಬೀಳಿಸಿ ಕೊಂದ ಮೇಲೆಯೇ, ಚಿತ್ರೀಕರಣದಲ್ಲಿ ಪ್ರಾಣಿಗಳ ಕ್ಷೇಮವನ್ನು ನೋಡಿಕೊಳ್ಳುವ ವ್ಯವಸ್ಥೆ 1940ರಲ್ಲಿ ಹುಟ್ಟಿತು. ಹಳೆಯ ಚಿತ್ರಗಳನ್ನು ಮೆಚ್ಚುವವನು ಈ ಲೆಕ್ಕವನ್ನೂ ನೆನಪಿನಲ್ಲಿಡಬೇಕಾಗುತ್ತದೆ.

ನೆನಪು ಎರಡು ವಿಧ. ಒಂದು ತನ್ನ ಸುಖವನ್ನಷ್ಟೇ ಮೆಲುಕು ಹಾಕುವುದು. ಇನ್ನೊಂದು ತಾನು ಪಟ್ಟ ನೋವನ್ನೂ ಕೊಟ್ಟ ನೋವನ್ನೂ ಒಟ್ಟಿಗೆ ಕಾಣುವುದು. ಯಶೋಧರನೂ ಅವನ ತಾಯಿಯೂ ಕೋಳಿಗಳ ಜನ್ಮದಲ್ಲಿ ಮುನಿಯ ಉಪದೇಶದಿಂದ ಪಡೆದ ಜಾತಿಸ್ಮರಣೆ ಎರಡನೆಯ ಬಗೆಯದು. ಅವರಿಗೆ ನೆನಪಾದುದು ಉಜ್ಜಯಿನಿಯ ಅರಮನೆಯ ವೈಭವವಷ್ಟೇ ಅಲ್ಲ, ಹಿಟ್ಟಿನ ಕೋಳಿಯ ಕೂಗೂ ಹೌದು. ಅದರಿಂದಲೇ ಆ ನೆನಪು ಬಿಡುಗಡೆಗೆ ಕಾರಣವಾಯಿತು. ಅಭಿಮಾನಿಯು ತನ್ನ ಬಾಲ್ಯದ ಚಿತ್ರವನ್ನು ಹೀಗೆ ನೆನೆಯಬಲ್ಲನಾದರೆ, ಅದೇ ಚಿತ್ರ ಅವನಿಗೆ ಪಾಠವಾದೀತು.

ಪ್ರಾಣಿಪ್ರೀತಿಯನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಮುದ್ದಾದ ನಾಯಿಮರಿಯನ್ನು ಪ್ರೀತಿಸಲು ವ್ರತ ಬೇಡ. ಅದು ತಾನಾಗಿ ಒದಗುವ ರಾಗ. ಗೋಡೆಯ ಮೇಲಿನ ಹಲ್ಲಿಯನ್ನು, ಹಿತ್ತಿಲಿನ ಹಾವನ್ನು, ಮಾಡಿನ ಸಂದಿನ ಬಾವಲಿಯನ್ನು ಕಂಡು ಮೈ ಜುಮ್ಮೆಂದರೂ ಕೈ ಎತ್ತದಿರುವುದು ದಯೆ. ಸುಂದರವಾದುದನ್ನು ಮಾತ್ರ ಪ್ರೀತಿಸುವವನ ಅಹಿಂಸೆ ಕಣ್ಣಿಗೆ ಹಿತವಾದಷ್ಟು ದೂರ ನಡೆದು ನಿಂತುಬಿಡುತ್ತದೆ. ಈ ಒಂದು ವಿಷಯದಲ್ಲಿ ಭಯಾನಕದ ಅಭಿಮಾನಿಗೆ ಇತರರಿಗಿಲ್ಲದ ಅನುಕೂಲವುಂಟು: ವಿಕಾರವನ್ನು ದಿಟ್ಟಿಸಿ ನೋಡುವ ಅಭ್ಯಾಸ ಅವನಿಗಿದೆ. ಆ ಅಭ್ಯಾಸವನ್ನು ಅವನು ದ್ವೇಷಕ್ಕೆ ತಿರುಗಿಸುವನೋ ಮೈತ್ರಿಗೆ ತಿರುಗಿಸುವನೋ ಎಂಬುದೇ ಅವನ ಪರೀಕ್ಷೆ.

ಆಹಾರವನ್ನು ಬಿಟ್ಟು ವಿಷಯಕಷಾಯಗಳನ್ನು ಉಳಿಸಿಕೊಂಡರೆ ಅದು ಲಂಘನವೇ ಹೊರತು ಉಪವಾಸವಲ್ಲವೆಂದು ಹಿರಿಯರು ಎಚ್ಚರಿಸಿದ್ದಾರೆ. ನಾಲಗೆಗೆ ನಿಯಮವಿದ್ದಂತೆ ಕಣ್ಣಿಗೂ ನಿಯಮವಿರಬೇಕು. ಭೋಗೋಪಭೋಗಗಳಿಗೆ ಪರಿಮಾಣ ಹಾಕಿಕೊಳ್ಳುವ ಗೃಹಸ್ಥನು ತಾನು ನೋಡುವ ಚಿತ್ರಗಳಿಗೂ ಒಂದು ಪರಿಮಾಣವನ್ನು ಹಾಕಿಕೊಳ್ಳಬಹುದು: ನಿಜವಾದ ಪ್ರಾಣಿಗೆ ನೋವು ಕೊಟ್ಟು ತೆಗೆದುದೆಂದು ತಿಳಿದ ಚಿತ್ರವನ್ನು ಬಿಡುವುದು, ಕೊಲ್ಲುವುದರಲ್ಲೇ ಸಂತೋಷವನ್ನು ಕಲಿಸುವ ಚಿತ್ರವನ್ನು ಬಿಡುವುದು, ಉಳಿದುದನ್ನು ನೋಡಿ ಎದ್ದ ಮೇಲೆ, ಮನಸ್ಸಿನಲ್ಲಿ ಯಾವ ಜೀವದ ಮೇಲೆ ಹಗೆ ಉಳಿಯಿತೆಂದು ಒಮ್ಮೆ ತನ್ನನ್ನೇ ಕೇಳಿಕೊಳ್ಳುವುದು. ಪರ್ವದಿನಗಳಲ್ಲಿ ಕಣ್ಣಿಗೂ ಪೂರ್ಣ ಉಪವಾಸ ಕೊಟ್ಟಲ್ಲಿ ಇನ್ನೂ ಒಳಿತು. ಇದು ಕಠಿನವಾದ ವ್ರತವಲ್ಲ. ಆದರೆ ಇದನ್ನು ಪಾಲಿಸುವವನಿಗೆ ಬೇರೆ ಕಾವಲುಗಾರರಿಲ್ಲ, ಅವನೇ ಕಾವಲು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರಕ್ಕೆ ಧನವೋ ವಿದ್ಯೆಯೋ ಬೇಕು. ಅಭಯದಾನಕ್ಕೆ ಬೇಕಾದುದು ಭಯವೆಂದರೇನೆಂಬ ಅರಿವು. ಮಾರಿದತ್ತನ ಕತ್ತಿಯ ಕೆಳಗೆ ನಿಂತು, ಹೆದರದೆ ಕಥೆ ಹೇಳಿ, ಅವನ ಕೈಯಿಂದ ಆ ಕತ್ತಿಯನ್ನು ಕೆಳಗಿಡಿಸಿದ ಎಳೆಯರ ಹೆಸರು ಅಭಯರುಚಿ, ಅಭಯಮತಿ. ಜನ್ಮಜನ್ಮಗಳಲ್ಲಿ ಬೇಟೆಯ ಮೃಗಗಳಾಗಿ ಭಯವನ್ನು ಒಳಗಿನಿಂದ ಅರಿತವರಾದುದರಿಂದಲೇ ಅವರು ಅಭಯಕ್ಕೆ ಅಧಿಕಾರಿಗಳಾದರು. ಕತ್ತಲೆಯಲ್ಲಿ ಕುಳಿತು ಎದೆಬಡಿತವನ್ನು ಎಣಿಸಿದ ಅಭಿಮಾನಿಯೂ, ಬಲೆಗೆ ಬಿದ್ದ ಮೀನಿನ ಎದೆಯೂ ಗುಹೆಯ ಬಾವಲಿಯ ಎದೆಯೂ ಹಾಗೆಯೇ ಬಡಿದುಕೊಳ್ಳುವುದೆಂದು ತಿಳಿದನಾದರೆ, ಹಣ ತೆತ್ತು ಕೊಂಡ ಆ ಭಯವು ವ್ಯರ್ಥವಾಗಲಾರದು.